ದಿನವೂ ಐದು ಒತ್ತುತ್ತಿದ್ದ ಮುನಿಲಕ್ಷ್ಮಿ

ನಮ್ಮ ಬೀದಿಯ ಮುನಿಲಕ್ಷ್ಮಿಗೆ ಹೊಟ್ಟೆಕಿಚ್ಚು ಜಾಸ್ತಿ ಎಂದು ನಾನು ಹೇಳಿದರೆ ಅದು ಚಾಡಿಯಲ್ಲ. ಅವಳೇ ಒಪ್ಪಿಕೊಳ್ಳುವ ಮಾತು. ಪಕ್ಕದ ಮನೆಯ ಕನಕಾಂಬರ ತನ್ನ ಗಿಡಕ್ಕಿಂತ ಹೆಚ್ಚು ಹೂ ಬಿಟ್ಟರೆ ಅವತ್ತು ಅವಳಿಗೆ ಊಟ ಸೇರುವುದಿಲ್ಲ. ನಾನು ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಿದಾಗ ಬಂದು ನಿಂತು ನೋಡಿ, "ಕಾಲಿಗೆ ಕೆಲಸ ಇಲ್ಲ ಅಂದ್ರೆ ದಪ್ಪ ಆಗೋಗ್ತೀಯ ಆದಕ್ಕ" ಎಂದು ಹೇಳಿ ಹೋದಳು. ಕಾಫಿ ಕೊಟ್ಟರೂ ಕುಡಿಯಲಿಲ್ಲ.

ಬೈರಕೂರಿನಲ್ಲಿ ಅವಳ ಮನೆಗೆ ಎದುರು ಮನೆಯೇ ನನ್ನದು. ಹೆಸರು ಆದಿಲಕ್ಷ್ಮಿ, ರವಿಕೆ ಹೊಲಿಯುತ್ತೇನೆ. ಬೆಳಕು ಬೇಕಲ್ಲ, ಅದಕ್ಕೆ ಯಂತ್ರವನ್ನು ಬಾಗಿಲ ಹತ್ತಿರವೇ ಇಟ್ಟುಕೊಂಡಿದ್ದೇನೆ. ಹಾಗಾಗಿ ಎದುರು ಮನೆಗೆ ಯಾರು ಬಂದರು, ಯಾವ ಮುಖ ಹೊತ್ತುಕೊಂಡು ಹೋದರು ಎನ್ನುವುದು ಕೇಳದೆಯೇ ತಿಳಿಯುತ್ತದೆ. ತಿಳಿಯಬಾರದು ಎಂದಿದ್ದರೆ ಅವರು ಬಾಗಿಲು ಹಾಕಿಕೊಳ್ಳಲಿ, ನನ್ನದೇನು ತಪ್ಪು?

ಹೂವಿನ ಮೇಲೆ, ಮೋಟಾರಿನ ಮೇಲೆ ಇದ್ದದ್ದು ಚಿಲ್ಲರೆ ಹೊಟ್ಟೆಕಿಚ್ಚು. ಅವಳ ಅಸಲು ಹೊಟ್ಟೆಕಿಚ್ಚೆಲ್ಲ ಒಬ್ಬಳ ಮೇಲೆ. ಗಂಡ ಕೋದಂಡರಾಮಪ್ಪನ ತಂಗಿ ಅನಸೂಯಮ್ಮನ ಮೇಲೆ. ತಾಯಿ ತೀರಿಕೊಂಡ ಮೇಲೆ ಆ ಹುಡುಗಿಗೆ ತಲೆ ಬಾಚಿ ಜಡೆ ಹಾಕಿ ಸ್ಕೂಲಿಗೆ ಕಳಿಸಿ ಬೆಳೆಸಿದವನು ಅಣ್ಣನೇ. ಆಮೇಲೆ ಮಾಲೂರು ಕಡೆಯ ಲಕ್ಕೂರಿಗೆ ಕೊಟ್ಟು ಮದುವೆ ಮಾಡಿದ. ಮುನಿಲಕ್ಷ್ಮಿ ಸೊಸೆಯಾಗಿ ಬಂದ ವರ್ಷ ತೋಟದ ಮೊದಲ ಮಾವಿನ ಹಣ್ಣಿನ ಬುಟ್ಟಿ ಮನೆಯೊಳಗೆ ಬರದೆ ನೇರವಾಗಿ ಲಕ್ಕೂರಿನ ದಾರಿ ಹಿಡಿಯಿತಂತೆ. ಮಕ್ಕಳಾಗಿ, ಮಗಳನ್ನು ಶ್ರೀನಿವಾಸಪುರಕ್ಕೆ ಕೊಟ್ಟು, ಮೊಮ್ಮಗ ಹುಟ್ಟಿದರೂ ಆ ಬುಟ್ಟಿಯನ್ನು ಮಾತ್ರ ಮುನಿಲಕ್ಷ್ಮಿ ತಲೆಯಿಂದ ಇಳಿಸಲಿಲ್ಲ.

ಕೋದಂಡರಾಮಪ್ಪ ಮಾವಿನ ತೋಟಗಳನ್ನು ಗುತ್ತಿಗೆಗೆ ಹಿಡಿಯುತ್ತಿದ್ದ. ದೊಡ್ಡ ಬಾಯಿಯ ಮನುಷ್ಯ. ತೋಟದ ಈ ತುದಿಯಲ್ಲಿ ನಿಂತು ಆ ತುದಿಯ ಮರದಲ್ಲಿದ್ದ ಆಳನ್ನು ಬೈದರೆ ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು. ಎಡಗೆನ್ನೆಯಲ್ಲಿ ಹೊಗೆಸೊಪ್ಪಿನ ಉಂಡೆ ಇಲ್ಲದೆ ನಾನು ಅವನನ್ನು ನೋಡಿದ್ದೇ ಇಲ್ಲ. ಅದೇ ಕಡೆ ಹುಣ್ಣಾಯಿತು. ಮಾಯಲಿಲ್ಲ. ಕೋಲಾರದ ಕಡೆಯ ದೊಡ್ಡಾಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದರು. ದವಡೆಯ ಒಂದು ಭಾಗ, ನಾಲಿಗೆಯ ಒಂದು ಭಾಗ ತೆಗೆದರು. ಆಮೇಲೆ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು. ಮಾತು ಹೋಯಿತು. ಊಟಕ್ಕೆ ಮೂಗಿನೊಳಗೆ ಪೈಪು ಹಾಕಿ ಮನೆಗೆ ಕಳಿಸಿದರು.

ಮನೆಗೆ ಕಳಿಸಿದ ದಿನ ಬ್ಯಾಗು ಹಿಡಿಯಲು ನಾನೂ ಜೊತೆಗೆ ಹೋಗಿದ್ದೆ. ಲಕ್ಕೂರಿನಿಂದ ಅನಸೂಯಮ್ಮನೂ ಬಂದಿದ್ದಳು. ಪವಿತ್ರ ಎನ್ನುವ ಹುಡುಗಿಯೊಬ್ಬಳು ಬಂದಳು. ಆಸ್ಪತ್ರೆಯಲ್ಲಿ ಮನಸ್ಸಿನ ಕಷ್ಟ ಕೇಳುವ ಕೆಲಸ ಅವಳದು. "ರೋಗಿ ಹೇಗಿದಾರೆ ಅಂತ ಎಲ್ರೂ ಕೇಳ್ತಾರೆ. ಅವರನ್ನ ನೋಡ್ಕೊಳ್ಳೋರನ್ನ ಯಾರೂ ಕೇಳಲ್ಲ. ಅವರ ಮನಸ್ಸೂ ಕುಗ್ಗಿ ಹೋಗುತ್ತೆ" ಎಂದು ಕೂರಿಸಿಕೊಂಡು ಹೇಳಿದಳು. ದಿನಾ ಸಾಯಂಕಾಲ ಒಂದು ಫೋನು ಬರುತ್ತದೆ. ಇವತ್ತು ನಿಮ್ಮ ಮನಸ್ಸು ಹೇಗಿತ್ತು ಎಂದು ರೆಕಾರ್ಡ್ ಮಾಡಿದ ದನಿ ಕೇಳುತ್ತದೆ. ತುಂಬಾ ಚೆನ್ನಾಗಿದ್ದರೆ ಐದು ಒತ್ತಬೇಕು, ತುಂಬಾ ಕಷ್ಟವಾಗಿದ್ದರೆ ಒಂದು, ಮಧ್ಯ ಇದ್ದರೆ ಮಧ್ಯದ್ದು. "ನಂಬರ್ ನೋಡಿ ಬೇಕು ಅನ್ನಿಸಿದ್ರೆ ನಾವೇ ಮನೆಗೆ ಬರ್ತೀವಿ" ಎಂದಳು. ಕೊನೆಗೆ ಕೇಳಿದಳು, "ಇವರನ್ನ ನೋಡ್ಕೊಳ್ಳೋರು ಯಾರು?"

"ನಾನು" ಎಂದಳು ಮುನಿಲಕ್ಷ್ಮಿ. "ನಾನು" ಎಂದಳು ಅನಸೂಯಮ್ಮ. ಇಬ್ಬರ ಬಾಯಿಂದಲೂ ಒಟ್ಟಿಗೇ ಬಂತು. ಪವಿತ್ರ ನಕ್ಕು ಇಬ್ಬರ ಫೋನ್ ನಂಬರನ್ನೂ ತೆಗೆದುಕೊಂಡಳು.

ಅಲ್ಲೇ ಎಡವಟ್ಟಾಯಿತು. ವಾಪಸು ಬರುವಾಗ ಮುನಿಲಕ್ಷ್ಮಿ ನನ್ನ ಕಿವಿಯ ಹತ್ತಿರ ಬಾಗಿ, "ಇಬ್ರುದೂ ಯಾಕೆ ತಗೊಂಡ್ಳು ಗೊತ್ತಾ ಆದಕ್ಕ? ಯಾರು ಚೆನ್ನಾಗಿ ನೋಡ್ಕೋತಾರೆ ಅಂತ ಪರೀಕ್ಷೆ ಮಾಡೋಕೆ. ಕಮ್ಮಿ ಬಂದೋರ ಹೆಸರು ಹೊಡೆದು ಹಾಕ್ತಾರೆ" ಎಂದಳು.

"ಅದು ಮಾರ್ಕ್ಸ್ ಅಲ್ಲ ಕಣೇ. ನಿನ್ನ ಮನಸ್ಸು ಹೆಂಗಿದೆ ಅಂತ ಕೇಳೋದು."

"ನನ್ನ ಮನಸ್ಸು ಕಟ್ಕೊಂಡು ಆಸ್ಪತ್ರೆಯವರಿಗೆ ಏನಾಗಬೇಕು? ನಿಂಗೆ ಗೊತ್ತಾಗಲ್ಲ ಸುಮ್ನಿರು" ಎಂದು ಮೂತಿ ತಿರುವಿದಳು. ಹೆಂಡತಿಯ ಹೆಸರು ಹೊಡೆದು ತಂಗಿಯ ಹೆಸರು ಉಳಿಸುತ್ತಾರೆ, ಗಂಡನ ಪಕ್ಕ ಕೂರುವ ಹಕ್ಕು ತನ್ನ ಕೈತಪ್ಪಿ ಹೋಗುತ್ತದೆ ಎಂಬ ಹೆದರಿಕೆ ಅವಳಿಗೆ ಅವತ್ತು ಹಿಡಿದದ್ದು, ಮತ್ತೆ ಬಿಡಲಿಲ್ಲ.

ಫೋನು ಬರುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು, ನೆಟ್ಟಗೆ ನಿಂತು, ಹೇಳುವುದನ್ನೆಲ್ಲ ಪೂರ್ತಿ ಕೇಳಿ ಐದು ಒತ್ತುತ್ತಿದ್ದಳು. ಆ ಕಡೆಯಿಂದ "ಧನ್ಯವಾದಗಳು" ಎಂದು ಬಂದಾಗ ಅವಳ ಮುಖ ನೋಡಬೇಕಿತ್ತು. ಇಡೀ ದಿನದಲ್ಲಿ ಅವಳಿಗೆ ಆ ಮಾತು ಹೇಳುತ್ತಿದ್ದದ್ದು ಆ ಯಂತ್ರ ಒಂದೇ.

ಯಾಕೆ ದಿನಾ ಐದೇ ಒತ್ತುತ್ತೀಯ ಎಂದು ಕೇಳಿದರೆ ದೇವರನ್ನು ಮುಂದೆ ತರುತ್ತಿದ್ದಳು. "ಮುಸ್ಸಂಜೆ ಹೊತ್ತಲ್ಲಿ ಅಸ್ತು ದೇವತೆಗಳು ಓಡಾಡ್ತಿರ್ತಾರೆ ಆದಕ್ಕ. ಕಷ್ಟ ಅಂದ್ರೆ ಅಸ್ತು ಅಂದುಬಿಡ್ತಾರೆ. ಕಾಯಿಲೆ ಮನೇಲಿ ಅಂಥ ಮಾತು ಆಡಬಾರದು." ನಮ್ಮಲ್ಲಿ ಇದನ್ನು ಎಲ್ಲರೂ ನಂಬುತ್ತಾರೆ, ನಾನೂ ನಂಬುತ್ತೇನೆ. ಆದರೆ ದೇವತೆಗಳ ಹಿಂದೆ ಅನಸೂಯಮ್ಮ ನಿಂತಿದ್ದಳು ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಐದು ಒತ್ತಿ ಫೋನು ಇಟ್ಟ ಮೇಲೆ ಅವಳು ಕೇಳುತ್ತಿದ್ದ ಪ್ರಶ್ನೆ ಒಂದೇ, "ಅವಳು ಎಷ್ಟು ಒತ್ತಿರ್ತಾಳೆ?"

ಅವಳು ಮಾಡುತ್ತಿದ್ದ ಕೆಲಸ ಹೇಳಿದರೆ ನಿಮಗೆ ಸುಸ್ತಾಗುತ್ತದೆ. ರಾಗಿ ಗಂಜಿ ಕಾಯಿಸಿ, ಆರಿಸಿ, ಪೈಪು ಕಟ್ಟಿಕೊಳ್ಳದ ಹಾಗೆ ತೆಳ್ಳನೆ ಬಟ್ಟೆಯಲ್ಲಿ ಸೋಸಿ, ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಡಬೇಕು. ಅದು ಮುಗಿಯುವಷ್ಟರಲ್ಲಿ ಮುಂದಿನದಕ್ಕೆ ಹೊತ್ತಾಗುತ್ತದೆ. ಬಾಯಿಂದ ಸದಾ ಜೊಲ್ಲು ಸೋರುತ್ತಿತ್ತು. ಅದನ್ನು ಒರೆಸಲು ಹಳೆಯ ಕಾಟನ್ ಸೀರೆ ಹರಿದು ಮೆತ್ತಗಿನ ಬಟ್ಟೆ ನಾನೇ ಹೊಲಿದುಕೊಡುತ್ತಿದ್ದೆ. ಒಗೆದು ಒಣಗಿ ಹಾಕಿದ ಆ ತುಂಡುಗಳು ಅವಳ ಮನೆಯ ಮುಂದೆ ಸಾಲಾಗಿ ತೂಗಾಡುತ್ತಿದ್ದವು. ಮಗ ಲಾರಿ ಓಡಿಸುವವನು, ನಂಗಲಿ ದಾಟಿ ಆಂಧ್ರಕ್ಕೆ ಹೋದರೆ ಯಾವಾಗ ಬರುತ್ತಾನೋ ತಿಳಿಯದು. ಮಗಳಿಗೆ ಕೈಗೂಸು. ಎಲ್ಲವೂ ಇವಳ ಮೇಲೆಯೇ ಬಿದ್ದಿತ್ತು.

ಇಷ್ಟು ಮಾಡಿದರೂ ಕೋದಂಡರಾಮಪ್ಪ ಅವಳ ಮೇಲೆಯೇ ಸಿಡುಕುತ್ತಿದ್ದ. ಗಂಜಿ ಬಿಸಿಯಾಯಿತೆಂದರೆ ಕೈ ತಳ್ಳುವನು. ದಿಂಬು ಸರಿಯಿಲ್ಲದಿದ್ದರೆ ಮಂಚದ ಪಟ್ಟಿಗೆ ಬೆರಳ ಗೆಣ್ಣಿನಿಂದ ಟಕಟಕ ಬಡಿಯುವನು. ಮನುಷ್ಯ ಹತ್ತಿರ ಇರುವವರ ಮೇಲಲ್ಲದೆ ಇನ್ಯಾರ ಮೇಲೆ ಸಿಡುಕುತ್ತಾನೆ? ಅದು ಅವಳಿಗೂ ಗೊತ್ತಿತ್ತು. ಆದರೆ ಭಾನುವಾರ ಬಂದರೆ ಗೊತ್ತಿದ್ದದ್ದೆಲ್ಲ ಮರೆತುಹೋಗುತ್ತಿತ್ತು.

ಭಾನುವಾರ ಅನಸೂಯಮ್ಮ ಬರುತ್ತಿದ್ದಳು. ಲಕ್ಕೂರು ಬಿಟ್ಟು ಬಸ್ಸು ಬದಲಾಯಿಸಿಕೊಂಡು, ಎಳನೀರಿನ ಚೀಲ ಹೊತ್ತು, ಬೀದಿಯ ತಿರುವಿನಲ್ಲೇ ಕಣ್ಣೊರೆಸಿಕೊಳ್ಳುತ್ತ ಬರುವಳು. ಅವಳ ದನಿ ಕೇಳಿದರೆ ಕೋದಂಡರಾಮಪ್ಪ ಎದ್ದು ಕೂರುವನು. ಉಳಿದ ಅರ್ಧ ಮುಖದಲ್ಲೇ ನಗುವನು. ಅವಳು ಸಿರಿಂಜು ಹಿಡಿದರೆ ಮಗುವಿನ ಹಾಗೆ ತೆಪ್ಪಗೆ ಕೂತಿರುವನು. ಗಂಜಿ ಮುಗಿದ ಮೇಲೆ ಅವಳ ಕೈ ಹಿಡಿದುಕೊಂಡೇ ನಿದ್ದೆ ಹೋಗುವನು. ನೋಡಲು ಬಂದವರು, "ತಂಗಿ ಅಂದ್ರೆ ಹಿಂಗಿರಬೇಕು ನೋಡು" ಎಂದು ಹೇಳಿ, ಮುನಿಲಕ್ಷ್ಮಿ ಮಾಡಿಕೊಟ್ಟ ಕಾಫಿ ಕುಡಿದು ಹೋಗುತ್ತಿದ್ದರು.

"ವಾರ ಪೂರ್ತಿ ಜೊಲ್ಲು ಒರೆಸೋಳು ನಾನು. ನಗು ಮಾತ್ರ ಭಾನುವಾರಕ್ಕೆ ಎತ್ತಿಡ್ತಾರೆ" ಎಂದಳು ಒಂದು ದಿನ ನನ್ನ ಯಂತ್ರದ ಪಕ್ಕ ಕೂತು. ಕಣ್ಣು ಕೆಂಪಗಿತ್ತು. ಅಳು ಬಂದಿರಲಿಲ್ಲ, ಉರಿ ಬಂದಿತ್ತು. "ಆ ಕೈ ಹಿಡ್ಕೊಂಡು ಮಲಗಿದ್ರಲ್ಲ, ಎಬ್ಬಿಸಿಬಿಡೋಣ ಅನ್ನಿಸ್ತು ಆದಕ್ಕ."

ಬೇಸಿಗೆ ಕಳೆಯುವಷ್ಟರಲ್ಲಿ ಮುನಿಲಕ್ಷ್ಮಿ ಬದಲಾದಳು. ತಲೆ ಬಾಚುವುದನ್ನು ಬಿಟ್ಟಳು. ಹಾಲು ಉಕ್ಕಿ ಒಲೆಯೆಲ್ಲ ಹರಿದರೂ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಅವಳ ರವಿಕೆಗಳನ್ನು ನಾನು ಒಳಗೆ ಹಿಡಿದು ಹೊಲಿದೆ, ಸ್ವಲ್ಪ ದಿನದಲ್ಲೇ ಮತ್ತೆ ಹಿಡಿಯಬೇಕಾಯಿತು. ಪಕ್ಕದ ಮನೆಯ ಕನಕಾಂಬರ ಮೈತುಂಬ ಬಿಟ್ಟಿದ್ದರೂ ಅವಳು ಒಂದು ಮಾತೂ ಆಡಲಿಲ್ಲ. ನಾನು ನಿಜವಾಗಿ ಹೆದರಿದ್ದು ಆಗ. ಹೊಟ್ಟೆಕಿಚ್ಚು ಪಡಲೂ ಶಕ್ತಿಯಿಲ್ಲದ ಮುನಿಲಕ್ಷ್ಮಿಯನ್ನು ನಾನು ನೋಡಿರಲಿಲ್ಲ.

"ಇರೋದನ್ನ ಒತ್ತೇ. ಆ ಹುಡುಗಿ ಬಂದು ಮಾತಾಡಿಸ್ಲಿ" ಎಂದೆ.

"ನೀಕೆಂದುಕು?" ಎಂದಳು. ನಿನಗೇಕೆ ಎಂದು ಅರ್ಥ. ಕೋಪ ಬಂದರೆ ಅವಳ ಬಾಯಿಂದ ತೆಲುಗೇ ಬರುವುದು. ಅವತ್ತು ಸಾಯಂಕಾಲವೂ ಐದೇ ಒತ್ತಿದಳು.

ಆಮೇಲೆ ಒಂದು ಭಾನುವಾರ ಆಸ್ಪತ್ರೆಯ ಜೀಪು ಬಂದು ಅವಳ ಮನೆಯ ಮುಂದೆ ನಿಂತಿತು. ಪವಿತ್ರ ಇಳಿದಳು. ಮುನಿಲಕ್ಷ್ಮಿ ನನ್ನ ಕಡೆ ಒಮ್ಮೆ ನೋಡಿದಳು. ಆ ನೋಟದಲ್ಲಿ ಎಷ್ಟು ಜಂಬವಿತ್ತೆಂದರೆ ಹಳೆಯ ಮುನಿಲಕ್ಷ್ಮಿಯೇ ವಾಪಸು ಬಂದಳೇನೋ ಅನ್ನಿಸಿತು. ಓಡಿಹೋಗಿ ತಲೆ ಬಾಚಿಕೊಂಡಳು. ಒಳ್ಳೆಯ ಸೀರೆ ಉಟ್ಟಳು. ದಿನಾ ಐದಕ್ಕೆ ಐದು ತೆಗೆದವಳನ್ನು ನೋಡಲು ಬಂದಿದ್ದಾರೆ, ಅದೂ ಅನಸೂಯಮ್ಮ ಇರುವ ದಿನವೇ, ಅವಳ ಕಣ್ಣ ಮುಂದೆಯೇ! ಬಟ್ಟೆಯ ತುಂಡು ಕೊಡುವ ನೆಪದಲ್ಲಿ ನಾನೂ ಒಳಗೆ ಹೋದೆ.

ಪವಿತ್ರ ಕೋದಂಡರಾಮಪ್ಪನನ್ನು ಮಾತಾಡಿಸಿದಳು. ಪೈಪು ನೋಡಿದಳು. "ತುಂಬಾ ಚೆನ್ನಾಗಿ ನೋಡ್ಕೊಂಡಿದೀರಮ್ಮ" ಎಂದಳು. ಮುನಿಲಕ್ಷ್ಮಿ ಕಾಫಿ ಲೋಟವನ್ನು ಸೆರಗಿನಿಂದ ಒರೆಸಿ ಕೊಟ್ಟು, ಮುಂದಿನ ಮಾತಿಗೆ ಕಾದು ನಿಂತಳು.

"ಅನಸೂಯಮ್ಮ, ಭಾನುವಾರ ಇಲ್ಲೇ ಸಿಗ್ತೀನಿ ಅಂದಿದ್ರಲ್ಲ, ಬರ್ತೀರಾ? ಹಿತ್ತಲಲ್ಲಿ ಸ್ವಲ್ಪ ಹೊತ್ತು ಕೂತು ಮಾತಾಡೋಣ" ಎಂದಳು ಪವಿತ್ರ.

ಹಿತ್ತಲ ಸೀಬೆ ಮರದ ಕೆಳಗೆ ಅವರಿಬ್ಬರೂ ತುಂಬಾ ಹೊತ್ತು ಕೂತರು. ಅಡುಗೆಮನೆಯ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಅನಸೂಯಮ್ಮ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಪವಿತ್ರ ಅವಳ ಬೆನ್ನ ಮೇಲೆ ಕೈಯಿಟ್ಟು ಕೇಳುತ್ತಿದ್ದಳು. ಕೇಳುವುದನ್ನು ಬಿಟ್ಟು ಆ ಹುಡುಗಿ ಬೇರೇನೂ ಮಾಡಲಿಲ್ಲ. ಮುನಿಲಕ್ಷ್ಮಿ ಕಿಟಕಿಯ ಸರಳು ಹಿಡಿದು ನಿಂತವಳು ಕದಲಲಿಲ್ಲ. ಒಲೆಯ ಮೇಲೆ ಗಂಜಿ ತಳ ಹಿಡಿಯಿತು. ನಾನೇ ಇಳಿಸಿದೆ.

ಅವರು ಒಳಗೆ ಬಂದ ಕೂಡಲೇ ಮುನಿಲಕ್ಷ್ಮಿ ಅನಸೂಯಮ್ಮನಿಗೆ ಅಡ್ಡ ನಿಂತಳು. "ಎಷ್ಟು ಒತ್ತಿದ್ದೆ ನೀನು?"

"ಏನು ಅತ್ತಿಗೆ?"

"ಫೋನಲ್ಲಿ. ಎಷ್ಟು?"

"ಒಂದು" ಎಂದಳು ಅನಸೂಯಮ್ಮ. "ಅಣ್ಣ ಮಾತಾಡಲ್ವಲ್ಲ. ಊರಿಗೆ ಹೋದ್ರೂ ಅದೇ ಕಣ್ಮುಂದೆ ಬರುತ್ತೆ. ಕಷ್ಟ ಆಗ್ತಿತ್ತು, ಇರೋದನ್ನೇ ಒತ್ತಿದೆ. ನೀನೆಷ್ಟು ಒತ್ತಿದೆ?"

ಮುನಿಲಕ್ಷ್ಮಿ ಅವಳನ್ನು ಪಕ್ಕಕ್ಕೆ ಸರಿಸಿದಳು. ಪವಿತ್ರ ಜೀಪು ಹತ್ತುವಷ್ಟರಲ್ಲಿ ಬೀದಿಗೆ ಓಡಿದಳು. ಹಿಂದೆಯೇ ನಾನೂ ಓಡಿದೆ.

"ಏನಮ್ಮಾ ಇದು ನಿಮ್ಮ ನ್ಯಾಯ? ದಿನಾ ಐದಕ್ಕೆ ಐದು ತಗೊಂಡೋಳು ನಾನು. ಒಂದು ತಗೊಂಡೋಳ ಬೆನ್ನು ಸವರೋಕೆ ಜೀಪ್ ಹಾಕ್ಕೊಂಡು ಬರ್ತೀರಾ? ಹೇಲು ಉಚ್ಚೆ ಬಾಚೋಳು ನಾನು. ಹೊತ್ತಿಗೆ ಸರಿಯಾಗಿ ಗಂಜಿ ಬಿಡೋಳು ನಾನು. ವಾರಕ್ಕೊಂದ್ಸಲ ಎಳನೀರು ತರೋಳಿಗೆ ಕಷ್ಟ ಆಯ್ತಂತೆ!" ಬಾಗಿಲಿಗೆ ಬಂದು ನಿಂತಿದ್ದ ಅನಸೂಯಮ್ಮನ ಕಡೆ ಬೆರಳು ಮಾಡಿದಳು. "ಹಣ್ಣು ತಗೊಂಡು ಹೋದ್ಳು, ನಗು ತಗೊಂಡು ಹೋದ್ಳು. ಈಗ ನನ್ನ ದುಃಖಾನೂ ಅವಳೇ ತಗೊಂಡು ಹೋದ್ಳು."

ಬೀದಿಯ ಬಾಗಿಲುಗಳಲ್ಲೆಲ್ಲ ತಲೆಗಳು ಕಂಡವು. ಪವಿತ್ರ ಜೀಪಿನಿಂದ ಇಳಿದಳು. ಅವಳ ಮುಖ ಬಿಳಿಚಿಕೊಂಡಿತ್ತು. "ಅಮ್ಮಾ, ಅದು ಮಾರ್ಕ್ಸ್ ಅಲ್ಲ. ನೀವು ಐದು ಒತ್ತಿದ್ರೆ ನಿಮಗೆ ಏನೂ ಕಷ್ಟ ಇಲ್ಲ ಅಂತ ನಾವು ತಿಳ್ಕೋತೀವಿ. ನಿಮ್ಮ ಹೆಸರನ್ನ ಯಾರೂ ತೆಗೆಯಲ್ಲ. ಎಷ್ಟು ಒತ್ತಿದ್ರೂ ಅವರನ್ನ ನೋಡ್ಕೊಳ್ಳೋರು ನೀವೇ. ಈಗಲೇ ಕೂತು ಮಾತಾಡೋಣ, ಬನ್ನಿ."

ಅಷ್ಟು ಕೇಳಿದ ಮೇಲಾದರೂ ಒಂದು ಮಾತು ಆಡಬಹುದಿತ್ತು. ಆದರೆ ಅನಸೂಯಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳಲ್ಲ. ಅವಳ ಕಣ್ಣೆದುರು, ಅವಳು ಅತ್ತ ಜಾಗದಲ್ಲೇ ಕೂತು ಅಳಬೇಕೇ? "ನಂಗೇನೂ ಆಗಿಲ್ಲ. ನಾನು ಚೆನ್ನಾಗೇ ಇದೀನಿ" ಎಂದು ಹೇಳಿ ಮುನಿಲಕ್ಷ್ಮಿ ಒಳಗೆ ಹೋಗಿಬಿಟ್ಟಳು. ಇಂಥವಳಿಗೆ ಏನು ಹೇಳಬೇಕು? ನನಗಂತೂ ಕೆನ್ನೆಗೆ ಒಂದು ಬಿಡಬೇಕು ಅನ್ನಿಸಿತು. ಪವಿತ್ರ ತನ್ನ ನಂಬರನ್ನು ನನ್ನ ಫೋನಿಗೆ ಹಾಕಿಕೊಟ್ಟು, "ನೋಡ್ತಾ ಇರಿ ಅಕ್ಕ" ಎಂದು ಹೇಳಿ ಹೋದಳು.

ಅನಸೂಯಮ್ಮ ಊಟವನ್ನೂ ಮಾಡದೆ ಬಸ್ಸಿಗೆ ಹೊರಟಳು. ನಾನು ಮನೆಗೆ ಹೋಗಲಿಲ್ಲ. ಆ ಸ್ಥಿತಿಯಲ್ಲಿ ಮುನಿಲಕ್ಷ್ಮಿಯನ್ನು ಒಬ್ಬಳನ್ನೇ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಅವಳು ನಾನು ಬಡಿಸಿಕೊಟ್ಟ ತಟ್ಟೆ ಮುಟ್ಟದೆ ಸಂಜೆಯವರೆಗೂ ಗೋಡೆಗೆ ಒರಗಿ ಕೂತಿದ್ದಳು. ಮಂಚದ ಮೇಲೆ ಕೋದಂಡರಾಮಪ್ಪ ಕಣ್ಣು ಮುಚ್ಚಿ ಮಲಗಿದ್ದ. ಬೀದಿಯ ರಂಪವೆಲ್ಲ ಅವನ ಕಿವಿಗೆ ಬಿದ್ದಿತ್ತು. ಹೋಗಿದ್ದು ನಾಲಿಗೆ, ಕಿವಿಯಲ್ಲ.

ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ಅಭ್ಯಾಸಬಲ, ಕೈ ಒರೆಸಿಕೊಂಡು ಎತ್ತಿದಳು. ಇವತ್ತು ನಿಮ್ಮ ಮನಸ್ಸು ಹೇಗಿತ್ತು ಎಂದು ದನಿ ಕೇಳಿತು. ಅವಳ ಬೆರಳು ಐದರ ಮೇಲೆ ಹೋಗಿ ನಿಂತಿತು.

"ಒಂದು ಒತ್ತೇ ತಾಯಿ" ಎಂದೆ ಮೆಲ್ಲಗೆ. "ಅಸ್ತು ದೇವತೆಗಳಿಗೆ ನಾನು ಹೇಳ್ಕೋತೀನಿ."

"ದೇವತೆಗಳಲ್ಲ ಆದಕ್ಕ" ಎಂದಳು. ನನ್ನ ಕಡೆ ನೋಡದೆ, ಪಿಸುಮಾತಿನಲ್ಲಿ. "ಒಂದು ಒತ್ತಿದ್ರೆ ಇವರು ಏನಂದ್ಕೋತಾರೆ? ಇವಳಿಗೆ ನಾನು ಭಾರ ಆಗೋದೆ ಅಂದ್ಕೊಳಲ್ವಾ? ತಂಗಿ ಮನೆಗೆ ಹೋಗ್ತೀನಿ ಅಂತ ಕೈ ತೋರಿಸಿದ್ರೆ ನಾನು ಏನ್ ಮಾಡ್ಲಿ?"

ಮಂಚದ ಪಟ್ಟಿ ಟಕಟಕ ಎಂದಿತು. ಕೋದಂಡರಾಮಪ್ಪ ಕಣ್ಣು ಬಿಟ್ಟಿದ್ದ. ಕೈ ಚಾಚಿದ. ಜೊಲ್ಲು ಒರೆಸಲು ಬಟ್ಟೆ ಬೇಕೇನೋ ಎಂದು ಅವಳು ಕೊಡಲು ಹೋದಳು. ತಳ್ಳಿದ. ಫೋನಿನ ಕಡೆ ಬೆರಳು ಮಾಡಿದ. ದನಿ ಎರಡನೆಯ ಸಲ ಅದೇ ಪ್ರಶ್ನೆ ಕೇಳುತ್ತಿತ್ತು. ಅವಳು ಏನೂ ತೋಚದೆ ಫೋನನ್ನು ಅವನ ಕೈಗಿಟ್ಟಳು. ಅವನು ಅದನ್ನು ಕಣ್ಣಿನ ಹತ್ತಿರ ಹಿಡಿದು, ಹುಡುಕಿ, ಒತ್ತಿ, ವಾಪಸು ಕೊಟ್ಟ. ಒಳಗಿನಿಂದ "ಧನ್ಯವಾದಗಳು" ಎಂದು ಬಂತು.

"ಏನ್ ಒತ್ತಿದ್ರಿ?"

ಅವನು ಒಂದು ಬೆರಳು ಎತ್ತಿ ತೋರಿಸಿದ. ಅದೇ ಬೆರಳಿನಿಂದ ಅವಳ ಗುಳಿಬಿದ್ದ ಕಣ್ಣು ತೋರಿಸಿದ. ಅವಳು ಉಣ್ಣದೆ ಬಿಟ್ಟಿದ್ದ ತಟ್ಟೆ ತೋರಿಸಿದ. ಕೊನೆಗೆ ತನ್ನ ಎದೆ ತೋರಿಸಿ, ನೆಲದ ಕಡೆ ಅಂಗೈ ಅಲ್ಲಾಡಿಸಿದ. ನಾನು ಎಲ್ಲಿಗೂ ಹೋಗುವುದಿಲ್ಲ, ಇಲ್ಲೇ ಇರುತ್ತೇನೆ ಎಂದು ನನಗೂ ಅರ್ಥವಾಯಿತು.

ಮುನಿಲಕ್ಷ್ಮಿ ಬಹಳ ಹೊತ್ತು ಅವನನ್ನೇ ನೋಡಿದಳು. ಇನ್ನೇನು ಅಳುತ್ತಾಳೆ ಎಂದು ನಾನು ಎದ್ದೆ. ಅವಳು ಕೇಳಿದಳು, "ಅನಸೂಯಂದೂ ನೀವೇ ಒತ್ತಿಕೊಟ್ಟಿದ್ರಾ?"

ನಾನು ಹಣೆ ಚಚ್ಚಿಕೊಂಡೆ. ಆದರೆ ಕೋದಂಡರಾಮಪ್ಪ ಸಿಡುಕಲಿಲ್ಲ. ಇಲ್ಲ ಎಂದು ತಲೆ ಅಲ್ಲಾಡಿಸಿದ.

"ನಿಜವಾಗ್ಲೂ?"

ಅವನು ಇನ್ನೊಂದು ಸಲ ಅಲ್ಲಾಡಿಸಿದ. ಅರ್ಧ ಮುಖದಲ್ಲೇ ನಕ್ಕ. ಅವತ್ತು ಭಾನುವಾರವೇ ಆಗಿದ್ದರೂ ತಂಗಿ ಬಸ್ಸು ಹತ್ತಿ ಹೋಗಿ ಎಷ್ಟೋ ಹೊತ್ತಾಗಿತ್ತು.

ಆಗ ಮುನಿಲಕ್ಷ್ಮಿ ಮಂಚದ ಪಕ್ಕ ನೆಲದ ಮೇಲೆ ಕುಸಿದು ಕೂತು ಅಳಲು ಶುರು ಮಾಡಿದಳು. ಅವನು ಕಾಯಿಲೆ ಬಿದ್ದ ಮೇಲೆ ಅವನ ಮುಂದೆ ಅವಳು ಅತ್ತದ್ದು ಅದೇ ಮೊದಲು.